ಹೊರಡುವ ಮುಂಚೆ ಪುಸ್ತಕದ ಲೆಕ್ಕ

ಗಲ್ಫಿನ ರೂಮುಗಳಲ್ಲಿ ಪುಸ್ತಕಕ್ಕೆ ಜಾಗ ಇರುವುದಿಲ್ಲ. ಒಂದು ಮಂಚ, ಅದರ ಕೆಳಗೆ ಸೂಟ್‌ಕೇಸು, ಗೋಡೆಗೆ ಮೂರು ಮೊಳೆ, ಹಂಚಿಕೊಂಡ ಕಪಾಟಿನಲ್ಲಿ ಒಂದೂವರೆ ಖಾನೆ. ರಜೆ ಮುಗಿಸಿ ಬರುವಾಗ 30 ಕೆ.ಜಿ. ಲಗೇಜಿನಲ್ಲಿ ಮೊದಲು ಉಪ್ಪಿನಕಾಯಿ, ಆಮೇಲೆ ಹಪ್ಪಳ ಸಂಡಿಗೆ, ಕುಚ್ಚಲಕ್ಕಿ, ಯಾರದೋ ಮನೆಯವರು ಯಾರಿಗೋ ಕೊಟ್ಟು ಕಳಿಸಿದ ಪೊಟ್ಟಣ. ಪುಸ್ತಕದ ಸರದಿ ಬರುವ ಹೊತ್ತಿಗೆ ತೂಕ ಮುಗಿದಿರುತ್ತದೆ. ಹೀಗಾಗಿಯೇ ಮಸ್ಕತ್ತಿನ ರೂವಿಯಲ್ಲಿರುವ ನಮ್ಮ ಫ್ಲ್ಯಾಟಿನ ಐದು ಜನರಲ್ಲಿ ನಾಲ್ವರ ಕೈಗೆ ಒಂದೊಂದಾಗಿ ಇ-ರೀಡರ್ ಬಂತು. ಐದನೆಯವರು ಕ್ರಿಕೆಟ್ ಬಿಟ್ಟು ಬೇರೇನೂ ಓದುವುದಿಲ್ಲ, ಅವರ ವಿಚಾರ ಬಿಡಿ.

ಕಳೆದ ಸಲ ಎಲ್ಲರೂ ಊಟಕ್ಕೆ ಸೇರಿದ್ದಾಗ ಇಬ್ಬರು ಬಂದು ಒಂದೇ ಪ್ರಶ್ನೆ ಕೇಳಿದರು: ಇ-ರೀಡರಿನಲ್ಲಿರುವ ಪುಸ್ತಕ ಬೇರೆ, ಲ್ಯಾಪ್‌ಟಾಪಿನಲ್ಲಿರುವ ಪುಸ್ತಕ ಬೇರೆ ಆಗಿಬಿಟ್ಟಿದೆ, ಎರಡನ್ನೂ ಸಿಂಕ್ ಮಾಡುವುದು ಹೇಗೆ? ಅಲ್ಲೇ ನಿಂತು ಹೇಳಿ ಮುಗಿಸುವ ಮಾತಲ್ಲ ಅಂತ ಇಲ್ಲಿ ಬರೆಯುತ್ತಿದ್ದೇವೆ.

ನಾವು ಬಿ.ಕಾಂ. ಓದಿದವರು, ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕ ಬರೆದು ಹೊಟ್ಟೆ ಹೊರೆಯುವವರು. ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಆದರೆ ಈ ಸಿಂಕ್ ಅನ್ನುವುದು ನಮಗೆ ಅರ್ಥವಾದದ್ದು ಬ್ಯಾಂಕ್ ರಿಕನ್ಸಿಲಿಯೇಷನ್ ಮೂಲಕವೇ. ಕಂಪನಿಯ ಕ್ಯಾಶ್ ಬುಕ್ ಒಂದು, ಬ್ಯಾಂಕಿನ ಪಾಸ್ ಬುಕ್ ಇನ್ನೊಂದು. ಎರಡೂ ಒಂದೇ ದುಡ್ಡಿನ ಲೆಕ್ಕ, ಆದರೂ ತಿಂಗಳ ಕೊನೆಗೆ ಎಂದೂ ಒಂದೇ ಮೊತ್ತ ತೋರಿಸುವುದಿಲ್ಲ. ಇಲ್ಲಿ ಬರೆದದ್ದು ಅಲ್ಲಿಲ್ಲ, ಅಲ್ಲಿ ಕಡಿತವಾದದ್ದು ಇಲ್ಲಿಲ್ಲ. ಕೂತು ಒಂದೊಂದಕ್ಕೂ ಟಿಕ್ ಹಾಕಿ ವ್ಯತ್ಯಾಸ ಯಾಕೆ ಅಂತ ಹುಡುಕಬೇಕು. ಇ-ರೀಡರೂ ಲ್ಯಾಪ್‌ಟಾಪೂ ಹಾಗೆಯೇ. ತಂತಿ ಸಿಕ್ಕಿಸಿದ ತಕ್ಷಣ ಎರಡೂ ತಾವಾಗಿಯೇ ಒಂದಾಗುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಯಾವುದು ಮೂಲ ಪುಸ್ತಕ, ಯಾವುದು ನಕಲು ಅನ್ನುವುದನ್ನು ನಾವೇ ತೀರ್ಮಾನ ಮಾಡಬೇಕು. ನಮ್ಮ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪೇ ಲೆಡ್ಜರ್, ಕೈಯಲ್ಲಿರುವುದು ಪಾಸ್ ಬುಕ್.

ಲ್ಯಾಪ್‌ಟಾಪಿನಲ್ಲಿ ಬಳಸುವುದು ಕ್ಯಾಲಿಬರ್ ಎಂಬ ತಂತ್ರಾಂಶ. ಉಚಿತ. ಇದರ ಹುಟ್ಟು ಸ್ವಾರಸ್ಯವಾಗಿದೆ. 2006ರಲ್ಲಿ ಸೋನಿ ಕಂಪನಿಯ ಪಿಆರ್‌ಎಸ್-500 ಎಂಬ ಓದುವ ಯಂತ್ರ ಅಮೆರಿಕದಲ್ಲಿ ಬಂದಾಗ, ಅಲ್ಲಿ ವಿದ್ಯಾರ್ಥಿಯಾಗಿದ್ದ ಕೋವಿದ್ ಗೋಯಲ್ ಎಂಬ ನಮ್ಮ ದೇಶದವರು ಅದನ್ನು ಕೊಂಡರು. ಅವರ ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್, ಯಂತ್ರಕ್ಕೆ ಲಿನಕ್ಸ್ ಬರುತ್ತಿರಲಿಲ್ಲ. ತಂತಿಯಲ್ಲಿ ಹೋಗಿಬರುವ ಸಂಕೇತಗಳನ್ನು ಬಿಡಿಸಿ ನೋಡಿ, ತಾವೇ ಒಂದು ತಂತ್ರಾಂಶ ಬರೆದರು. ಮೊದಲು ಅದಕ್ಕೆ ಯಂತ್ರದ ನಂಬರನ್ನೇ ಸೇರಿಸಿದ ಒಂದು ಒರಟು ಹೆಸರಿತ್ತು. 2008ರಲ್ಲಿ ಹೆಂಡತಿಯ ಸಲಹೆಯಂತೆ ಕ್ಯಾಲಿಬರ್ ಅಂತಾಯಿತು. ತನ್ನ ಒಂದು ಯಂತ್ರಕ್ಕಾಗಿ ಬರೆದದ್ದು ಇವತ್ತು ಬಹುತೇಕ ಎಲ್ಲ ಕಂಪನಿಗಳ ಯಂತ್ರಗಳನ್ನೂ ಗುರುತಿಸುತ್ತದೆ.

ಕೆಲಸ ಮಾಡುವ ರೀತಿ ಸರಳ. ನೀವು ಸೇರಿಸಿದ ಪ್ರತಿ ಪುಸ್ತಕವನ್ನೂ ಅದು ತನ್ನದೇ ಫೋಲ್ಡರಿಗೆ ನಕಲು ಮಾಡಿಕೊಂಡು, ಲೇಖಕರ ಹೆಸರಿನಲ್ಲಿ ಒಂದು ಫೋಲ್ಡರ್, ಅದರೊಳಗೆ ಪುಸ್ತಕದ ಹೆಸರಿನಲ್ಲಿ ಇನ್ನೊಂದು ಮಾಡಿ ಇಡುತ್ತದೆ. ಯಾವುದು ಎಲ್ಲಿದೆ ಎಂಬ ಲೆಕ್ಕವೆಲ್ಲ ಮೆಟಾಡೇಟಾ.ಡಿಬಿ ಎಂಬ ಒಂದೇ ಕಡತದಲ್ಲಿ. ಆದ್ದರಿಂದ ಆ ಫೋಲ್ಡರಿನೊಳಗೆ ಹೊರಗಿನಿಂದ ಹೋಗಿ ಹೆಸರು ಬದಲಿಸುವುದು, ಎಳೆದು ಬೇರೆ ಕಡೆ ಹಾಕುವುದು ಬೇಡ. ಲೆಡ್ಜರಿನ ಹಾಳೆ ಹರಿದು ಬೇರೆ ಕಡೆ ಅಂಟಿಸಿದ ಹಾಗಾಗುತ್ತದೆ. ಏನು ಮಾಡುವುದಿದ್ದರೂ ತಂತ್ರಾಂಶದ ಒಳಗಿಂದಲೇ ಮಾಡಬೇಕು.

ಇ-ರೀಡರನ್ನು ತಂತಿಯಿಂದ ಸೇರಿಸಿದರೆ ಪಟ್ಟಿಯಲ್ಲಿ ಹೊಸದೊಂದು ಕಾಲಂ ಬರುತ್ತದೆ, ಯಂತ್ರದಲ್ಲಿ ಇರುವ ಪುಸ್ತಕಗಳ ಎದುರು ಟಿಕ್ ಬೀಳುತ್ತದೆ. ಬರಲಿಲ್ಲ ಅಂದರೆ ಮೊದಲು ತಂತಿ ನೋಡಿ. ರೂಮುಗಳಲ್ಲಿ ಬಿದ್ದಿರುವ ಅರ್ಧಕ್ಕರ್ಧ ತಂತಿಗಳು ಚಾರ್ಜಿಗೆ ಮಾತ್ರ, ಅವುಗಳಲ್ಲಿ ಕಡತ ಹೋಗುವುದಿಲ್ಲ. ಇದೊಂದು ಗೊತ್ತಿಲ್ಲದೆ ಯಂತ್ರವೇ ಹಾಳಾಗಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋದವರಿದ್ದಾರೆ. ಇನ್ನೊಂದು, ಲೈಬ್ರರಿಯಲ್ಲಿ ಅಳಿಸಿದ ಪುಸ್ತಕ ಯಂತ್ರದಲ್ಲಿ ಹಾಗೆಯೇ ಉಳಿಯುತ್ತದೆ, ಯಂತ್ರದಲ್ಲಿ ಅಳಿಸಿದ್ದು ಲೈಬ್ರರಿಯಲ್ಲಿ ಉಳಿಯುತ್ತದೆ. ಇದು ದೋಷವಲ್ಲ, ಒಳ್ಳೆಯದೇ. ವ್ಯತ್ಯಾಸ ತೋರಿಸುವುದು ಅದರ ಕೆಲಸ, ಎಂಟ್ರಿ ಪಾಸ್ ಮಾಡುವುದು ನಮ್ಮ ಕೆಲಸ.

ಟಿಕ್ ಸರಿಯಾಗಿ ಬೀಳಬೇಕಾದರೆ ಹೆಸರುಗಳು ಸರಿ ಇರಬೇಕು. ಇಲ್ಲಿ ಕನ್ನಡದವರಿಗೆ ಸ್ವಲ್ಪ ಕಷ್ಟವಿದೆ. ಒಬ್ಬರೇ ಲೇಖಕರು ಒಂದು ಕಡತದಲ್ಲಿ ‘ಗುಲ್ವಾಡಿ ವೆಂಕಟರಾವ್’, ಇನ್ನೊಂದರಲ್ಲಿ ‘ಜಿ. ವೆಂಕಟರಾಯ’, ಮೂರನೆಯದರಲ್ಲಿ ಇಂಗ್ಲಿಷ್ ಅಕ್ಷರ. ತಂತ್ರಾಂಶಕ್ಕೆ ಅವರು ಮೂರು ಜನ. ಜೊತೆಗೆ ಅದು ಪಾಶ್ಚಾತ್ಯರ ಪದ್ಧತಿಯಂತೆ ಕೊನೆಯ ಪದವನ್ನು ಮನೆತನದ ಹೆಸರೆಂದು ತಿಳಿದು ಮುಂದಕ್ಕೆ ತಂದು ಅಕ್ಷರಾನುಕ್ರಮ ಮಾಡುತ್ತದೆ. ಪಾಪ, ನಮ್ಮ ಪು. ತಿ. ನ. ಅವರು ‘ನ., ಪು. ತಿ.’ ಆಗಿ ನಕಾರದಲ್ಲಿ ಹೋಗಿ ಕೂತಿದ್ದರು. ಸೆಟ್ಟಿಂಗಿನಲ್ಲಿ ಟ್ವೀಕ್ಸ್ ಎಂಬ ಕಡೆ ಹೋಗಿ, ಹೆಸರನ್ನು ಇದ್ದ ಹಾಗೆಯೇ ಇಟ್ಟುಕೋ ಅಂತ ಹೇಳಿದರೆ ಇದು ನಿಲ್ಲುತ್ತದೆ. ನಮ್ಮ ಫ್ಲ್ಯಾಟಿನ ಕಾನೂನು ಇಷ್ಟೇ: ಹೆಸರು ಕನ್ನಡದಲ್ಲಿ, ಮುಖಪುಟದಲ್ಲಿ ಅಚ್ಚಾದಂತೆ, ಒಂದೇ ರೂಪ.

ಇನ್ನು ಕನ್ನಡ ಅಕ್ಷರದ ಕಥೆ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಎಷ್ಟೋ ಪುಸ್ತಕಗಳು ಜನರ ಹತ್ತಿರ ಇವೆ. ಅವುಗಳ ಒಳಗಿರುವುದು ನಿಜವಾಗಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಕನ್ನಡದ ಅಂಗಿ ತೊಡಿಸಿರುತ್ತಾರೆ. ಇ-ರೀಡರಿಗೆ ಹಾಕಿದರೆ ಅಂಗಿ ಕಳಚಿ ಬೀಳುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿಯೇ ಲೈಬ್ರರಿಗೆ ಸೇರಿಸಬೇಕು. ಪಿಡಿಎಫ್ ಇದ್ದರೆ ಇನ್ನೊಂದು ತಲೆನೋವು. ಆರಿಂಚಿನ ಪರದೆಗೆ ಪುಟ ಹೊಂದುವುದಿಲ್ಲ, ಇ-ಪಬ್ ಮಾಡಲು ಹೋದರೆ ಒತ್ತಕ್ಷರಗಳು ಹಿಂದೆಮುಂದೆ ಆಗುತ್ತವೆ, ಕಂದಪದ್ಯದ ನಾಲ್ಕು ಸಾಲು ಸೇರಿ ಒಂದೇ ಗದ್ಯದ ಸಾಲಾಗುತ್ತದೆ. ಕೆಲವು ಯಂತ್ರಗಳಲ್ಲಿ ಕನ್ನಡದ ಫಾಂಟೇ ಇರುವುದಿಲ್ಲ, ಪುಟದ ತುಂಬ ಖಾಲಿ ಡಬ್ಬಿಗಳು. ಫಾಂಟನ್ನು ಪುಸ್ತಕದೊಳಗೇ ಸೇರಿಸಿ ಕಳಿಸಬಹುದು. ಆದರೆ ಒತ್ತನ್ನು ಅಕ್ಷರದ ಬುಡಕ್ಕೆ ಕೂರಿಸುವ ಬುದ್ಧಿ ಯಂತ್ರಕ್ಕೇ ಇರಬೇಕು. ನಮ್ಮ ನಾಲ್ಕು ಯಂತ್ರಗಳಲ್ಲಿ ಆ ಬುದ್ಧಿ ಇರುವುದು ಎರಡಕ್ಕೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಕನ್ನಡ ಕಡತ ಹಾಕಿ ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಎರಡು ಪದ ನೋಡಿ. ಅವೆರಡು ಸರಿ ಕಂಡರೆ ಉಳಿದದ್ದೂ ಸರಿ ಕಾಣುತ್ತದೆ.

ಪುಸ್ತಕ ಎಲ್ಲಿಂದ ಅಂತಲೂ ಕೇಳುತ್ತಾರೆ. ಕನ್ನಡ ವಿಕಿಸೋರ್ಸ್‌ನಲ್ಲಿರುವುದನ್ನು ನೇರವಾಗಿ ಇ-ಪಬ್ ಆಗಿ ಇಳಿಸಿಕೊಳ್ಳಬಹುದು. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದು 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು ಹೀಗೆ 2024ರ ಜನವರಿ 1ರಿಂದ ಊರಿನಲ್ಲಿ ಮುಕ್ತವಾಗಿವೆ. ಈಗಿನವರ ಪುಸ್ತಕ ಬೇಕಾದರೆ ದುಡ್ಡು ಕೊಟ್ಟೇ ಓದಬೇಕು. ಅಂಥವು ಬಹುಪಾಲು ಆಯಾ ಅಂಗಡಿಯ ಆ್ಯಪಿನೊಳಗೆ ಬೀಗ ಹಾಕಿಕೊಂಡು ಇರುತ್ತವೆ, ಕ್ಯಾಲಿಬರಿಗೆ ಬರುವುದಿಲ್ಲ. ಬೀಗ ಒಡೆಯುವುದು ಹೇಗೆ ಅಂತ ನಮ್ಮನ್ನು ಕೇಳಬೇಡಿ. ಕನ್ನಡದ ಲೇಖಕರಿಗೆ ಬರುವುದೇ ಅಷ್ಟಿಷ್ಟು.

ಇಷ್ಟು ಮಾತ್ರ ಆಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋದ ಏಪ್ರಿಲ್‌ನಲ್ಲಿ ನಮ್ಮ ಫ್ಲ್ಯಾಟಿನ ಹಿರಿಯರು ಕೆಲಸ ಮುಗಿಸಿ ಊರಿಗೆ ಹೊರಟರು. ಎಲ್ಲರೂ ಅವರನ್ನು ಫೋರ್‌ಮನ್ ಅಣ್ಣ ಅಂತಲೇ ಕರೆಯುವುದು. ಕುಂದಾಪುರದ ಕಡೆಯವರು. 22 ವರ್ಷ ಇಲ್ಲಿ ಪೈಪ್‌ಲೈನ್ ಕೆಲಸ. ಬೇಸಿಗೆಯಲ್ಲಿ ಮಧ್ಯಾಹ್ನ 12.30ರಿಂದ 3.30ರ ತನಕ ಹೊರಗಿನ ಕೆಲಸ ನಿಲ್ಲಿಸಬೇಕೆಂಬ ಇಲ್ಲಿಯ ನಿಯಮವಿದೆಯಲ್ಲ, ಆ ಮೂರು ಗಂಟೆ ಉಳಿದವರು ಶೆಡ್ಡಿನಲ್ಲಿ ಟವೆಲ್ ಹಾಸಿ ಮಲಗಿದರೆ ಅಣ್ಣ ಇ-ರೀಡರ್ ಹಿಡಿದು ಕೂರುತ್ತಿದ್ದರು. ಮೊಬೈಲಿನ ಪರದೆ ಆ ಬೆಳಕಿಗೆ ಕಪ್ಪಾಗುತ್ತದೆ, ಇ-ರೀಡರಿನದು ಕಾಗದದ ಹಾಗೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಅವರು ಓದುತ್ತಿದ್ದದ್ದು ಕಾದಂಬರಿ ಅಲ್ಲ, ಯಕ್ಷಗಾನದ ಪ್ರಸಂಗ ಪುಸ್ತಕಗಳು. ಪಂಚವಟಿ, ವಾಲಿವಧೆ, ಕೃಷ್ಣಸಂಧಾನ. ಆಸಕ್ತರು ಹಳೆಯ ಪ್ರಸಂಗಗಳನ್ನು ಟೈಪ್ ಮಾಡಿ ಉಚಿತವಾಗಿ ಹಂಚುತ್ತಾರೆ, ಅವನ್ನು ನಾವು ತಿದ್ದಿ ಇ-ಪಬ್ ಮಾಡಿಕೊಡುತ್ತಿದ್ದೆವು. ನಾವು ದಾವಣಗೆರೆ ಕಡೆಯವರು, ಯಕ್ಷಗಾನ ನಮಗೆ ಅಷ್ಟಕ್ಕಷ್ಟೇ. ಪದಗಳ ಮೇಲೆ ರಾಗ, ತಾಳದ ಹೆಸರು ಇರುತ್ತದೆ ಅನ್ನುವುದೂ ಅವರಿಂದಲೇ ಗೊತ್ತಾದದ್ದು. ಪುಸ್ತಕದಲ್ಲಿ ಪದ ಮಾತ್ರ ಇರುತ್ತದೆ, ಮಾತು ಇರುವುದಿಲ್ಲ. ಮಾತನ್ನು ಅರ್ಥಧಾರಿಗಳು ಅಲ್ಲಲ್ಲೇ ಕಟ್ಟಿ ಆಡುತ್ತಾರೆ. ಅಣ್ಣ ಚಿಕ್ಕಂದಿನಿಂದ ಕೇಳಿದ ಆಟ, ತಾಳಮದ್ದಳೆಗಳ ನೆನಪನ್ನು ಪದಗಳ ಪಕ್ಕದಲ್ಲಿ ಬರೆಯುತ್ತಾ ಬಂದಿದ್ದರು. ಇಲ್ಲಿ ಕಾಲ ಇಳಿಸಬೇಕು, ಇಲ್ಲಿ ಅರ್ಥ ಎರಡೇ ಮಾತು ಸಾಕು, ಈ ಏರುಪದಕ್ಕೆ ನಮ್ಮೂರ ಭಾಗವತರು ಬೇರೆ ರಾಗ ತರುತ್ತಿದ್ದರು, ಹೀಗೆ. ಒಂಬತ್ತು ವರ್ಷದ ಟಿಪ್ಪಣಿ.

ಹೊರಡುವ ದಿನ ಗೊತ್ತಾದ ಮೇಲೆ ಅವರು ಕೇಳಿದ್ದು ಒಂದೇ. “ಪುಸ್ತಕ ಹೋದ್ರೆ ಹೋಯ್ಲಿ, ಮತ್ತೆ ಸಿಕ್ಕತ್ತ್. ನಾ ಬರ್ದದ್ದ್ ಹೋಪುಕಾಗ ಕಾಣಿ.”

ಅವರ ಮಾತಿನಲ್ಲಿ ದೊಡ್ಡ ವಿಷಯವಿತ್ತು. ಸಿಂಕ್ ಮಾಡಿದ್ದೇವೆ ಅಂತ ನಾವು ನೆಮ್ಮದಿಯಿಂದ ಇರುತ್ತೇವೆ, ಆದರೆ ಲ್ಯಾಪ್‌ಟಾಪಿನಿಂದ ಕಳಿಸಿದ ಪುಸ್ತಕಗಳ ಮಟ್ಟಿಗೆ ಹೋಗುವುದು ಪುಸ್ತಕ ಮಾತ್ರ. ಗೆರೆ ಎಳೆದದ್ದು, ಬರೆದದ್ದು ಯಂತ್ರದಲ್ಲೇ ಬೇರೆ ಒಂದು ಕಡತದಲ್ಲಿ ಇರುತ್ತದೆ. ಲೆಡ್ಜರಿಗೆ ಅದರ ಸುದ್ದಿಯೇ ಇಲ್ಲ. ಕೆಲವು ಯಂತ್ರಗಳಿಂದ ಟಿಪ್ಪಣಿ ತರಿಸಿಕೊಳ್ಳುವ ಅನುಕೂಲ ಕ್ಯಾಲಿಬರಿನಲ್ಲಿ ಇದೆ, ಎಲ್ಲಕ್ಕೂ ಇಲ್ಲ. ಅಲ್ಲದೆ ಆ ಗುರುತುಗಳು ಪುಸ್ತಕದ ಇಂತಿಷ್ಟನೆಯ ಜಾಗ ಅಂತ ಲೆಕ್ಕವಿಟ್ಟುಕೊಂಡು ಕೂತಿರುತ್ತವೆ. ಅಕ್ಷರದ ತಪ್ಪು ತಿದ್ದಿ ಅದೇ ಪುಸ್ತಕವನ್ನು ಮತ್ತೆ ಕಳಿಸಿದರೆ ಜಾಗ ಸರಿಯುತ್ತದೆ, ಗುರುತು ತಪ್ಪಿದ ಕಡೆ ಬೀಳುತ್ತದೆ ಅಥವಾ ಕಾಣೆಯಾಗುತ್ತದೆ. ಪಕ್ಕದ ಬಿಲ್ಡಿಂಗಿನ ಹುಡುಗನೊಬ್ಬ ಪರೀಕ್ಷೆಗೆ ಓದಿ ಗುರುತು ಮಾಡಿಕೊಂಡದ್ದೆಲ್ಲ ಹೀಗೆಯೇ ಹೋಯಿತು. ಟಿಪ್ಪಣಿ ಮೊದಲು ಹೊರಗೆ ತೆಗೆಯಿರಿ, ತಿದ್ದುಪಡಿ ಆಮೇಲೆ.

ಅಣ್ಣನ ಯಂತ್ರದಲ್ಲಿ ಟಿಪ್ಪಣಿಗಳು ಒಂದು ಸಾದಾ ಪಠ್ಯ ಕಡತದಲ್ಲಿದ್ದವು. ತೆರೆದು ಎಣಿಸಿದರೆ 638. ಯಂತ್ರದ ಪರದೆಯಲ್ಲಿ ಕಾಣುವುದು 571. ಕಡತ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಡೇ ಬುಕ್ ಇದ್ದ ಹಾಗೆ, ಬರೆದದ್ದನ್ನು ಅಳಿಸುವುದಿಲ್ಲ. ಅಣ್ಣ ಒಂದು ಟಿಪ್ಪಣಿ ತಿದ್ದಿದರೆ ಹಳೆಯದೂ ಉಳಿಯುತ್ತದೆ, ಹೊಸದೂ ಸೇರುತ್ತದೆ. ಹಳೆಯ ಪ್ರತಿಗಳನ್ನು ಒಂದೊಂದಾಗಿ ಗುರುತಿಸಿ ತೆಗೆದಾಗ 67 ಹೋಯಿತು, ಉಳಿದದ್ದು 571. ಟ್ಯಾಲಿ. ಲೆಕ್ಕದವರಿಗೆ ಆ ಕ್ಷಣದ ಸುಖ ಗೊತ್ತು.

ಆದರೆ ತಾಳೆಯಾದದ್ದು ಸಂಖ್ಯೆ, ಅರ್ಥವಲ್ಲ. ಅವರ ಇ-ರೀಡರಿನ ಕೀಲಿಮಣೆಯಲ್ಲಿ ಕನ್ನಡ ಇಲ್ಲ. ಒಂಬತ್ತು ವರ್ಷವೂ ಅಣ್ಣ ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ಅದೂ ಕುಂದಾಪುರದ ಕನ್ನಡ. ‘ಕಾಲ’, ‘ಕಳ’, ‘ಕಾಳ’, ‘ಕಲ’ ನಾಲ್ಕಕ್ಕೂ ಒಂದೇ ಕಾಗುಣಿತ. ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಕಳಿಸಿಬಿಡಬಹುದಿತ್ತು. ಹತ್ತು ವರ್ಷ ಬಿಟ್ಟು ಅದನ್ನು ತೆರೆದ ಮೊಮ್ಮಕ್ಕಳಿಗೆ ಏನು ತಿಳಿಯುತ್ತದೆ? ಬರೆದವರು ಎದುರಿಗೆ ಇರುವಾಗಲೇ ಓದಿಸಿಕೊಳ್ಳಬೇಕು ಅಂತ ತೀರ್ಮಾನವಾಯಿತು. ಹೊರಡಲು ಉಳಿದದ್ದು ಮೂರು ಶುಕ್ರವಾರ.

ಬೆಳಿಗ್ಗೆ ತಿಂಡಿ ಮುಗಿಸಿ ಕೂತರೆ ಮಧ್ಯಾಹ್ನದ ಊಟದ ತನಕ. ಅಣ್ಣ ಓದಿ ಹೇಳುವುದು, ನಾವು ಪಕ್ಕದ ಕಾಲಂನಲ್ಲಿ ಕನ್ನಡದಲ್ಲಿ ಟೈಪ್ ಮಾಡುವುದು. ಎಕ್ಸೆಲ್ಲಿನಲ್ಲಿ ನಾಲ್ಕು ಕಾಲಂ: ಪ್ರಸಂಗ, ಪದದ ಮೊದಲ ಶಬ್ದ, ಅವರು ಬರೆದದ್ದು, ಅದರ ಕನ್ನಡ. ಜಾಗದ ನಂಬರ್ ಮೇಲೆ ನಂಬಿಕೆ ಇಡದೆ ಪದದ ಮೊದಲ ಶಬ್ದವನ್ನೇ ಹಾಕಿದ್ದು ಬೇಕೆಂದೇ, ಮುಂದೆ ಯಾವ ಯಂತ್ರ ಬಂದರೂ ಯಾವ ಪುಸ್ತಕದಲ್ಲೂ ಹುಡುಕಬಹುದು ಅಂತ. ಓದುತ್ತಾ ಓದುತ್ತಾ ಕೆಲವು ಕಡೆ ಅವರು ನಿಲ್ಲಿಸಿ ಹಾಡಿಯೇ ತೋರಿಸುತ್ತಿದ್ದರು. ಕ್ರಿಕೆಟ್ಟಿನವರು ಟಿವಿಯ ಸದ್ದು ತಗ್ಗಿಸಿ ಬಂದು ಬಾಗಿಲಲ್ಲಿ ನಿಂತದ್ದೂ ಉಂಟು.

ಈ ನಡುವೆ ಇನ್ನೊಂದು ಕೆಲಸ ಆಗಬೇಕಿತ್ತು, ನೀವೂ ಮರೆಯಬೇಡಿ. ಇ-ರೀಡರಿನ ಅಂಗಡಿ ಖಾತೆ ಅವರ ಇಲ್ಲಿಯ ಮೊಬೈಲ್ ನಂಬರಿಗೆ ಕಟ್ಟಿಕೊಂಡಿತ್ತು. ರೆಸಿಡೆಂಟ್ ಕಾರ್ಡ್ ರದ್ದಾಗಿ ಸಿಮ್ ಹೋದ ಮೇಲೆ ಒಟಿಪಿ ಬರುವುದು ಯಾರ ಕೈಗೆ? ವೀಸಾ ರದ್ದು ಮಾಡಿಸುವ ಮೊದಲೇ ಊರಿನ ನಂಬರು ಮತ್ತು ಸ್ವಂತ ಇಮೇಲ್ ಹಾಕಿಸಿದ್ದಾಯಿತು. ಕಂಪನಿಯ ಇಮೇಲ್ ಹಾಕಿದವರು ಇದ್ದರೆ ಇವತ್ತೇ ಬದಲಿಸಿ, ಕೆಲಸ ಹೋದ ದಿನವೇ ಅದು ಮುಚ್ಚುತ್ತದೆ.

ಕ್ಯಾಲಿಬರಿನ ಲೈಬ್ರರಿ ಸಾಗಿಸುವುದು ಸುಲಭ. ಇಡೀ ಫೋಲ್ಡರನ್ನು ಇದ್ದ ಹಾಗೆ ನಕಲು ಮಾಡಿ, ಊರಿನ ಕಂಪ್ಯೂಟರಿನಲ್ಲಿ ಕ್ಯಾಲಿಬರ್ ಹಾಕಿ, ಲೈಬ್ರರಿ ಇದೇ ಅಂತ ತೋರಿಸಿದರೆ ಸಾಕು, ಪಟ್ಟಿ ಪೂರ್ತಿ ಎದ್ದು ಬರುತ್ತದೆ. ಎರಡು ಪೆನ್‌ಡ್ರೈವ್ ಮಾಡಿದೆವು, ಒಂದು ಕೈಚೀಲದಲ್ಲಿ, ಒಂದು ನಮ್ಮ ಹತ್ತಿರ. ಟಿಪ್ಪಣಿಯ ಹಾಳೆಯನ್ನು ಪ್ರಿಂಟ್ ತೆಗೆದೂ ಕೊಟ್ಟೆವು. 41 ಪುಟ. ಯಂತ್ರವನ್ನು ಎಷ್ಟು ನಂಬಿದರೂ ವೋಚರ್ ಕಾಗದದಲ್ಲಿ ಇರಬೇಕು ಅನ್ನುವ ಅಭ್ಯಾಸ ಬಿಟ್ಟುಹೋಗುವುದಿಲ್ಲ.

571ರಲ್ಲಿ 560 ಆದವು. ಹನ್ನೊಂದನ್ನು ಅಣ್ಣನಿಗೇ ಓದಲು ಆಗಲಿಲ್ಲ, ಏನು ನೆನೆದು ಬರೆದದ್ದೋ ಮರೆತಿತ್ತು. ಲೆಕ್ಕದಲ್ಲಿ ಇಂಥದ್ದಕ್ಕೆ ಸಸ್ಪೆನ್ಸ್ ಅಕೌಂಟ್ ಅಂತ ಇದೆ. ಆ ಹನ್ನೊಂದನ್ನು ಬೇರೆ ಹಾಳೆಗೆ ಹಾಕಿದೆವು. ಅದರಲ್ಲಿ ಒಂದು ವಾಲಿವಧೆಯದು, ಸುಗ್ರೀವ ಎರಡನೇ ಸಲ ಯುದ್ಧಕ್ಕೆ ಹೊರಡುವ ಜಾಗದ್ದು. ನಾಲ್ಕೇ ಇಂಗ್ಲಿಷ್ ಅಕ್ಷರ. ನಮಗೆ ಅನುಮಾನವೇ ಇರಲಿಲ್ಲ. ಅಣ್ಣತಮ್ಮಂದಿರು ನೋಡಲು ಒಂದೇ ಥರ, ರಾಮನಿಗೆ ಗುರುತು ಸಿಗಲೆಂದು ಸುಗ್ರೀವನ ಕೊರಳಿಗೆ ಹಾರ ಹಾಕುತ್ತಾರಲ್ಲ, ಅದೇ ‘ಮಾಲೆ’. ಅಣ್ಣ ಒಪ್ಪಲಿಲ್ಲ. ಅಲ್ಲ ಅಂತ ಮನಸ್ಸು ಹೇಳುತ್ತದೆ, ಏನು ಅಂತ ಹೊಳೆಯುತ್ತಿಲ್ಲ, ಹಾಗೇ ಇರಲಿ ಅಂದರು.

ಜೂನ್ ಎರಡನೇ ವಾರ ಅವರಿಂದ ಒಂದು ಧ್ವನಿ ಸಂದೇಶ ಬಂತು. ಹಿಂದುಗಡೆ ಹಂಚಿನ ಮೇಲೆ ನೀರು ಬೀಳುವ ಸದ್ದಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ, ಎರಡು ಸಲ ಹಾಕಿ ಕೇಳಬೇಕಾಯಿತು. ಅದು ಮಾಲೆ ಅಲ್ಲ, ಮಳೆ. ಅವರು ಹುಡುಗರಾಗಿದ್ದಾಗ ಗದ್ದೆಯಲ್ಲಿ ಆಟ ಆಗುವಾಗ ಸರಿಯಾಗಿ ಆ ಪದಕ್ಕೆ ಮಳೆ ಬಂತಂತೆ. ಕೂತಿದ್ದ ಚಾಪೆಯನ್ನೇ ಎತ್ತಿ ತಲೆ ಮೇಲೆ ಹಿಡಿದುಕೊಂಡು ಜನ ನಿಂತರೇ ಹೊರತು ಮನೆಗೆ ಹೋಗಲಿಲ್ಲವಂತೆ. ಭಾಗವತರು ಅದೇ ಪದವನ್ನು ಮಳೆ ನಿಲ್ಲುವ ತನಕ ಎಳೆದರಂತೆ.

ಎಂಟ್ರಿ ಪಾಸ್ ಮಾಡಿದ್ದೇವೆ. ಸಸ್ಪೆನ್ಸಿನಲ್ಲಿ ಇನ್ನು ಹತ್ತು ಉಳಿದಿವೆ.